ಸ್ಲೇಟು ಹಿಡ್ಸೋ ಮುಂಚೆ ಕಿವಿ ತೆರೆಸ್ರಿ: ಮನೇಲೇ ಮಕ್ಳಿಗೆ ಕನ್ನಡ ಓದು ಕಲ್ಸೋದು ಹೆಂಗೆ

ನಮ್ಮನೆ ಇರೋದು ದಾವಣಗೆರೆಲಿ, ಮಂಡಕ್ಕಿ ಭಟ್ಟಿಗಳ ಹತ್ರ. ಸಂಜೆ ಆರು ಗಂಟೆ ಆದ್ರೆ ಓಣಿ ಮಕ್ಳು ಏಳೆಂಟು ಜನ ನಮ್ಮ ಕಟ್ಟೆ ಮೇಲೆ ಬಂದು ಕೂತ್ಕೋತಾರೆ, ಯುಕೆಜಿಯೋರಿಂದ ಮೂರನೇ ಕ್ಲಾಸಿನೋರವರೆಗೂ ಇರ್ತಾರೆ. ಕರ್ಕೊಂಡು ಬರೋ ತಾಯಂದ್ರು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು, "ಮಿಸ್, ಅ ಆ ಇ ಈ ಎಲ್ಲಾ ಬರ್ತೈತೆ, ಕಾಗುಣಿತ ಗಡಗಡ ಅಂತ ಹೇಳ್ತಾನೆ, ಆದ್ರೆ ಪುಸ್ತಕ ಕೊಟ್ರೆ ಒಂದು ಸಾಲು ಓದಲ್ಲ, ಇವ್ನಿಗೆ ಓದೋ ಮನ್ಸೇ ಇಲ್ಲ."

ಮನ್ಸಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ನೀವೂ ಒಂದು ಸಣ್ಣ ಪರೀಕ್ಷೆ ಮಾಡಿ ನೋಡ್ರಿ. ಚೀಟಿ ಮೇಲೆ ಬರೀ "ಕೂ" ಅಂತ ಬರ್ದು ತೋರ್ಸ್ರಿ. ಮಗು ಬಾಯೊಳಗೇ ಕ ಕಾ ಕಿ ಕೀ ಕು ಅಂತ ಬೆರಳು ಮಡಚ್ಕೊಂತ ಹೋಗಿ ಆಮೇಲೆ ಕೂ ಅಂದ್ರೆ ಅದಕ್ಕೆ ಬಂದಿರೋದು ರಾಗ, ಅಕ್ಷರ ಇನ್ನೂ ಬಂದಿಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರ್ಸಿದ್ರೆ 442 ಗುಣಿತಾಕ್ಷರ ಆಗ್ತಾವೆ, ಒತ್ತಕ್ಷರ ಬೇರೆ. ಅಷ್ಟನ್ನೂ ಬಾಯಿಪಾಠ ಮಾಡ್ಸಿ ಓದು ಬರ್ಲಿ ಅಂತ ಕಾಯೋದು ಆಗೋ ಮಾತಲ್ಲ. ಓದು ಶುರುವಾಗೋದು ಕಿವಿಲಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕಡೇಗೆ ಕೈ. ನಾವು ಮಾತ್ರ ಕೈಯಿಂದ ಶುರು ಮಾಡ್ತೀವಿ, ಮೂರು ವರ್ಷದ ಮಗೂಗೆ ಬಳಪ ಹಿಡ್ಸಿ ಅ ತಿದ್ದಿಸ್ತೀವಿ. ಇಷ್ಟು ವರ್ಷ ಈ ಮಕ್ಳ ಜೊತೆ ಕೂತು ನನಗೆ ಗಟ್ಟಿಯಾಗಿ ಗೊತ್ತಾಗಿರೋದು ಇದೊಂದು, ಅದಕ್ಕೇ ನಾನು ಏನೇನು ಮಾಡ್ತೀನಿ ಅಂತ ಎಲ್ಲಾ ಬರೀತಾ ಇದೀನಿ, ನೀವು ಮನೇಲಿ ಮಾಡ್ಬೋದು, ದುಡ್ಡು ಖರ್ಚಿಲ್ಲ.

ಮೊದ್ಲು ಕಿವಿ

ಪುಸ್ತಕ, ಸ್ಲೇಟು ಎರಡೂ ಒಳಗಿಡ್ರಿ. ಮೊದಲ್ನೇ ಆಟ ಚಪ್ಪಾಳೆ. ಪದ ಹೇಳ್ತಾ ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ ತಟ್ಟೋದು, ದಾ-ವ-ಣ-ಗೆ-ರೆ ಅಂದ್ರೆ ಐದು, ಹ-ರಿ-ಹ-ರ ನಾಲ್ಕು, ದೋ-ಸೆ ಎರಡು. ಮನೆಯವರ ಹೆಸ್ರು, ಸೊಪ್ಪಿನ ಹೆಸ್ರು, ಓಣಿಲಿರೋ ನಾಯಿ ಹೆಸ್ರು ಎಲ್ಲಕ್ಕೂ ತಟ್ಟಿಸ್ರಿ. ಇದು ಎರಡು ಮೂರು ದಿನದಲ್ಲಿ ಬಂದುಬಿಡುತ್ತೆ.

ಎರಡ್ನೇದು ಪದಬಂಡಿ. ನಾನು "ಮಂಡಕ್ಕಿ" ಅಂದ್ರೆ ಮಗು "ಕಿ"ಯಿಂದ ಹೇಳ್ಬೇಕು, "ಕಿವಿ", ಆಮೇಲೆ "ವಿ"ಯಿಂದ, ಹಂಗೇ ಹೋಗ್ತಾ ಇರೋದು. ಬಸ್ಸಲ್ಲಿ, ಬಚ್ಚಲಲ್ಲಿ, ರೊಟ್ಟಿ ಬಡಿಯೋವಾಗ ಎಲ್ಲಿ ಬೇಕಾದ್ರೂ ಆಡ್ಬೋದು.

ಮೂರ್ನೇದು ಸ್ವಲ್ಪ ಕಷ್ಟ, ತೆಗೆಯೋದು ಮತ್ತೆ ಬದ್ಲಾಯ್ಸೋದು. "ಜಗಳೂರಲ್ಲಿ ಊರು ತೆಗೆದ್ರೆ ಏನುಳೀತು?" ಜಗಳ. "ಕಮಲದಲ್ಲಿ ಕ ತೆಗಿ." ಮಲ. "ಮರದಲ್ಲಿ ಮ ಬಿಟ್ಟು ಬ ಹಾಕು." ಬರ. ಇದನ್ನ ಮಾಡೋಕೆ ಬಂದ ಮಗೂಗೆ ಪದ ಅನ್ನೋದು ಒಂದು ಗಟ್ಟಿ ಕಲ್ಲಲ್ಲ, ಬಿಚ್ಚಿ ಜೋಡಿಸ್ಬೋದಾದ ವಸ್ತು ಅಂತ ಗೊತ್ತಾಗಿರುತ್ತೆ, ಓದೋದು ಅಂದ್ರೆ ಇದೇ ಅಲ್ವಾ.

ನಾಲ್ಕ್ನೇ ಹಂತ ಇನ್ನೂ ಸಣ್ಣ ತುಂಡು, ಅಂದ್ರೆ ಕಿ ಅನ್ನೋದ್ರಲ್ಲಿ ಕ್ ಮತ್ತು ಇ ಅಂತ ಎರಡು ದನಿ ಇದಾವೆ ಅಂತ ಕೇಳಿಸ್ಕೊಳ್ಳೋದು. ಇದಕ್ಕೆ ಅವಸರ ಬೇಡ. ಕನ್ನಡ ಓದೋ ಮಕ್ಳ ಮೇಲೆ ಸೋನಾಲಿ ನಾಗ್ ಅನ್ನೋ ಸಂಶೋಧಕಿ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟ ಆಯ್ತು, ಅದ್ರಲ್ಲೂ ಇದೇ ಕಾಣುತ್ತೆ, ನಮ್ಮ ಮಕ್ಳಿಗೆ ಇಡೀ ಅಕ್ಷರದ ತುಂಡು ಬೇಗ ಕೇಳಿಸುತ್ತೆ, ಒಳಗಿನ ಬಿಡಿ ದನಿ ನಿಧಾನಕ್ಕೆ ಬರುತ್ತೆ, ಅಕ್ಷರಗಳೆಲ್ಲ ಪೂರ್ತಿ ಕೈಗೆ ಸಿಗೋಕೆ ಒಂದನೇ ಕ್ಲಾಸು ಸಾಕಾಗಲ್ಲ, ಮೂರು ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತೆ. ನಮ್ಮ ಲಿಪಿನೇ ಹಂಗೈತೆ, ಮಗು ದಡ್ಡ ಅಲ್ಲ. ಪಕ್ಕದ್ಮನೆ ಹುಡ್ಗ ಇಂಗ್ಲಿಷ್ ಎ ಬಿ ಸಿ ಡಿ 26 ಅಕ್ಷರ ಮೂರು ತಿಂಗ್ಳಲ್ಲಿ ಕಲ್ತ ಅಂತ ಹೋಲಿಸ್ಬೇಡ್ರಿ.

ಆಮೇಲೆ ಬಾಯಿ

ಒಂದು ಸಣ್ಣ ಕನ್ನಡಿ, ಒಂದು ತೆಳ್ಳಗಿನ ಕಾಗದದ ಪಟ್ಟಿ ಇಟ್ಕೊಳ್ರಿ, ಸಾಕು. ಕ ಚ ಟ ತ ಪ ಅನ್ನೋ ಸಾಲುಗಳನ್ನ ಹಿರಿಯರು ಸುಮ್ನೆ ಜೋಡಿಸಿಲ್ಲ, ಬಾಯಿ ಒಳಗಿನ ದಾರಿ ಅದು. ಗಂಟಲ ಹತ್ರದ ಕ, ಅಂಗುಳದ ಹತ್ರ ಚ, ನಾಲಿಗೆ ಮೇಲಕ್ಕೆ ಮಡಚಿದ್ರೆ ಟ, ಹಲ್ಲಿಗೆ ತಾಗಿದ್ರೆ ತ, ತುಟಿ ಕೂಡಿದ್ರೆ ಪ. ಹಿಂದಿಂದ ಮುಂದಕ್ಕೆ ಬರುತ್ತೆ. ಕನ್ನಡಿ ಮುಂದೆ ಕೂರ್ಸಿ "ಈಗ ನಾಲಿಗೆ ಎಲ್ಲೈತೆ?" ಅಂತ ಕೇಳ್ರಿ, ಐದು ವರ್ಷದ ಮಗು ಕೂಡ ಹೇಳುತ್ತೆ.

ಆಮೇಲೆ ಕುತ್ತಿಗೆ ಮೇಲೆ ಬೆರಳಿಟ್ಟು "ಅಪ್ಪ" ಅನ್ನಿಸ್ರಿ, ಮಧ್ಯದಲ್ಲಿ ನಡುಕ ನಿಂತು ಮತ್ತೆ ಶುರುವಾಗುತ್ತೆ. "ಅಬ್ಬ" ಅನ್ನಿಸ್ರಿ, ನಡುಕ ನಿಲ್ಲಲ್ಲ. ತುಟಿ ಎರಡಕ್ಕೂ ಒಂದೇ, ವ್ಯತ್ಯಾಸ ಇರೋದು ಗಂಟಲಲ್ಲಿ. ಈಗ ಮೂಗು ಗಟ್ಟಿಯಾಗಿ ಹಿಡ್ಕೊಂಡು "ಅಮ್ಮ" ಅನ್ನು ಅನ್ರಿ, ಅದು "ಅಬ್ಬ" ಥರ ಆಗ್ಬಿಡುತ್ತೆ, ಯಾಕಂದ್ರೆ ಮ ಅನ್ನೋವಾಗ ಉಸ್ರು ಹೋಗೋದು ಮೂಗಿಂದ. ನಮ್ಮ ಕಟ್ಟೆ ಮೇಲೆ ಈ ಒಂದು ಆಟಕ್ಕೆ ಮಕ್ಳು ಅರ್ಧ ಗಂಟೆ ಮೂಗು ಹಿಡ್ಕೊಂಡು ಕೂಗಾಡಿದಾರೆ, ಆ ದಿನ ಬೇರೆ ಏನೂ ಮಾಡ್ಸಿಲ್ಲ, ಮಾಡ್ಸೋದೂ ಬೇಕಾಗಿರ್ಲಿಲ್ಲ.

ಕಾಗದದ ಪಟ್ಟಿ ಮಹಾಪ್ರಾಣಕ್ಕೆ. ತುಟಿ ಮುಂದೆ ಹಿಡಿದು ಕ, ಖ ಅನ್ನಿಸ್ರಿ, ಪ, ಫ ಅನ್ನಿಸ್ರಿ, ಎರಡ್ನೇದಕ್ಕೆ ಕಾಗದ ಹಾರ್ಬೇಕು. ಫ ಅನ್ನೋವಾಗ ಫ್ಯಾನ್ ಅಂದಂಗೆ ಹಲ್ಲು ತುಟಿ ಕೂಡಿಸ್ಬಾರ್ದು, ಎರಡು ತುಟಿನೂ ಸೇರ್ಬೇಕು. ಆದ್ರೆ ಮಹಾಪ್ರಾಣನ ಮನೆ ಮಾತಲ್ಲಿ ನಾವೇ ಸರಿಯಾಗಿ ಹೇಳಲ್ಲ, ಹಂಗಾಗಿ ಇದನ್ನ ಕಡೇಗೆ ಇಟ್ಕೊಳ್ರಿ.

ದಿನಾ ಬಳಸೋಕೆ ಜೋಡಿ ಪದ ಚೆನ್ನಾಗಿರ್ತಾವೆ. ಕಾಲು-ಕಾಳು, ಬಲೆ-ಬಳೆ, ಹುಲಿ-ಹುಳಿ, ಮನೆ-ಮಣೆ, ಅಕ್ಕಿ-ಹಕ್ಕಿ, ಬಿಡಿ-ಬೀಡಿ, ಕತೆ-ಕತ್ತೆ. ನಮ್ಮೂರಿನೋರಿಗೆ ಅಂತಾನೇ ಇರೋದು ಬೆಣೆ-ಬೆಣ್ಣೆ, ಒಂದು ಬಾಗ್ಲಿಗೆ ಹೊಡೆಯೋದು ಇನ್ನೊಂದು ದೋಸೆಗೆ ಹಾಕೋದು. ಎರಡು ಚಿತ್ರ ಬರ್ದಿಟ್ಟು ನೀವು ಒಂದನ್ನ ಹೇಳ್ರಿ, ಮಗು ಮುಟ್ಟಲಿ. ಆಮೇಲೆ ಮಗು ಹೇಳ್ಲಿ, ನೀವು ಮುಟ್ರಿ. ಅದು ತಪ್ಪು ಹೇಳಿದ್ರೆ ತಿದ್ದಬೇಡ್ರಿ, ಅದು ಹೇಳಿದ್ದನ್ನೇ ಮುಟ್ರಿ. ಬೆಣ್ಣೆ ಬೇಕಿದ್ದಾಗ ಬೆಣೆ ಸಿಕ್ರೆ ತಾನೇ ಸರಿ ಮಾಡ್ಕೊಳ್ಳುತ್ತೆ. ರ ತೊದಲೋ ಮಕ್ಳಿಗೆ ನಮ್ಮ ಕಡೆ ಎಲ್ರಿಗೂ ಗೊತ್ತಿರೋದೇ ಐತಲ್ಲ, ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ, ಅದನ್ನ ನಿಧಾನಕ್ಕೆ ಶುರು ಮಾಡ್ಸಿ ಜೋರು ಮಾಡ್ಸ್ರಿ.

ಇಲ್ಲೊಂದು ಮಾತು ಹೇಳ್ಲೇಬೇಕು. ನಮ್ಮ ದಾವಣಗೆರೆ ಚಿತ್ರದುರ್ಗದ ಕಡೆ ಎಲ್ಲಾ ಮಕ್ಳ ಮನೆ ಮಾತು ಕನ್ನಡ ಅಲ್ಲ. ಭಟ್ಟಿ ಕಡೆ ಉರ್ದು, ತಾಂಡಾದಿಂದ ಬರೋರಿಗೆ ಲಂಬಾಣಿ, ಚಳ್ಳಕೆರೆ ಮೊಳಕಾಲ್ಮೂರು ಕಡೆ ತುಂಬಾ ಮನೇಲಿ ತೆಲುಗು. ಉರ್ದುಲಿ ಳ ಇಲ್ಲ, ಆ ಮಗು ಹಳ್ಳಿಗೆ ಹಲ್ಲಿ ಅಂದ್ರೆ ಅದ್ರ ಕಿವಿ ಇನ್ನೂ ಆ ದನಿನ ಬೇರೆ ಮಾಡಿ ಹಿಡಿದಿಲ್ಲ ಅಷ್ಟೇ. ಅದೇ ಮಗು ಫ್ಯಾನ್ ಅನ್ನೋದನ್ನ, ಝೂ ಅನ್ನೋದನ್ನ ನಮ್ಮ ಮಕ್ಳಿಗಿಂತ ಚೆಂದ ಹೇಳುತ್ತೆ. ಕನ್ನಡದ ಮನೆಯಲ್ಲೂ ಅಷ್ಟೇ, ಮನೇಲಿ ಐತೆ ಅಂತಾರೆ ಪುಸ್ತಕದಲ್ಲಿ ಇದೆ ಅಂತ ಇರುತ್ತೆ. ಮಗು ಪುಸ್ತಕದ "ಇದೆ" ನೋಡ್ಕೊಂಡು "ಐತೆ" ಅಂತ ಓದಿದ್ರೆ ಅರ್ಥ ಮಾಡ್ಕೊಂಡು ಓದಿದೆ ಅಂತ ಲೆಕ್ಕ, ಖುಷಿ ಪಡ್ರಿ, ಆಮೇಲೆ ಬೆರಳಿಟ್ಟು "ಇಲ್ಲಿ ಹೆಂಗೆ ಬರ್ದಿದಾರೆ ನೋಡು" ಅನ್ರಿ. ಮಾತು ಸರಿ ಇಲ್ಲ ಅಂತ ನಾಲ್ಕು ಜನ್ರ ಮುಂದೆ ಬೈಸ್ಕೊಂಡ ಮಗು ಬಾಯೇ ಬಿಡಲ್ಲ, ಅಂಥ ಇಬ್ರು ನನ್ನ ಹತ್ರ ಬಂದು ಮೊದಲ್ನೇ ತಿಂಗ್ಳು ಪೂರ್ತಿ ಸುಮ್ನೆ ಕೂತಿದ್ರು.

ಈಗ ಅಕ್ಷರ

ಅ ಆ ಇ ಈ ಕ್ರಮದಲ್ಲಿ ಹೋಗ್ಲೇಬೇಕು ಅಂತ ಏನಿಲ್ಲ. ಸರ್ಕಾರಿ ಶಾಲೆಯ ನಲಿ-ಕಲಿಲಿ ರ ಗ ಸ ದ ಅ ಅಂತ ಶುರು ಮಾಡ್ತಾರೆ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಹುಟ್ಟಿದ ಪದ್ಧತಿ ಅದು, ನನಗೆ ತುಂಬಾ ಹಿಡ್ಸಿದೆ. ಯಾಕಂದ್ರೆ ಐದೇ ಅಕ್ಷರ ಬಂದ ತಕ್ಷಣ ಮಗು ಪದ ಓದುತ್ತೆ, ಸರ, ದರ, ಅಗಸ, ಅರಸ, ದಸರ, ಗರಗಸ. ಒಂದೇ ವಾರದಲ್ಲಿ "ನಾನು ಓದ್ದೆ" ಅನ್ನೋ ಖುಷಿ. 49 ಅಕ್ಷರ ಮುಗಿಯೋವರೆಗೂ ಒಂದು ಪದಾನೂ ಸಿಗದೇ ಇದ್ರೆ ಯಾರಿಗೆ ತಾನೇ ಮನ್ಸು ಬರುತ್ತೆ.

ಐದೈದೇ ಅಕ್ಷರ ತಗೊಳ್ರಿ, ಹಳೇ ಲಗ್ನಪತ್ರಿಕೆ ಕತ್ತರಿಸಿ ಹಿಂದೆ ದಪ್ಪಗೆ ಬರೀರಿ, ಜೋಡಿಸಿ ಪದ ಮಾಡ್ಲಿ. ಒಂದೇ ಥರ ಕಾಣೋ ಅಕ್ಷರಗಳನ್ನ ಒಟ್ಟಿಗೆ ತರ್ಬೇಡ್ರಿ, ರ ಮತ್ತೆ ಠ, ದ ಮತ್ತೆ ಧ ಥ, ಪ ಮತ್ತೆ ಷ, ಇವಕ್ಕೆ ಮಧ್ಯ ಒಂದಷ್ಟು ವಾರ ಅಂತರ ಇರ್ಲಿ.

ಗುಣಿತಕ್ಕೆ ನಾನು ಮಾಡೋದು ಹಿಂಗೆ. ಒಂದು ಚಿಹ್ನೆ ಹಿಡ್ಕೊಂಡು ಅದನ್ನ ಗೊತ್ತಿರೋ ಎಲ್ಲಾ ಅಕ್ಷರಕ್ಕೂ ಹಾಕ್ಸ್ತೀನಿ. ಇಳಿ ಅಂತ ಕರೀತೀವಲ್ಲ, ಅದೊಂದೇ ಒಂದು ವಾರ: ರಾ ಗಾ ಸಾ ದಾ, ಸಾರ, ದಾರ, ಸಾಗರ, ದಾಸರ. ಕ ಕಾ ಕಿ ಕೀ ಅಂತ ಅಡ್ಡಡ್ಡ ಹೋದ್ರೆ ರಾಗ ಬರುತ್ತೆ, ಹಿಂಗೆ ಉದ್ದಕ್ಕೆ ಹೋದ್ರೆ "ಈ ಗೆರೆ ಬಂದ್ರೆ ದನಿ ಎಳೀಬೇಕು" ಅನ್ನೋದು ತಲೇಲಿ ಕೂರುತ್ತೆ. ಮರ-ಮಾರ ಅಂತ ಹೇಳಿ ಎಳೆಯೋದಕ್ಕೆ ಕೈ ಅಗಲ ಮಾಡ್ಸ್ರಿ, ಹ್ರಸ್ವಕ್ಕೆ ಒಂದು ಮಾತ್ರೆ ದೀರ್ಘಕ್ಕೆ ಎರಡು ಅನ್ನೋದು ಕೈಲೇ ಕಾಣ್ಸುತ್ತೆ.

ಒತ್ತಕ್ಷರದಲ್ಲಿ ಮಕ್ಳು ಎಡವೋದಕ್ಕೆ ಒಂದು ಕಾರಣ ಐತೆ, ನನಗೂ ಇದು ತಡವಾಗಿ ಹೊಳೀತು. ಬೆಣ್ಣೆ ಅಂತ ನಿಧಾನಕ್ಕೆ ಹೇಳಿ ನೋಡ್ರಿ, ಬಾಯಿ ಬೆಣ್-ಣೆ ಅಂತ ಮುರಿಯುತ್ತೆ, ಬರವಣಿಗೆ ಬೆ-ಣ್ಣೆ ಅಂತ ಮುರಿಯುತ್ತೆ. ಕಿವಿ ಕತ್ತರಿಸೋ ಜಾಗ ಬೇರೆ, ಕಣ್ಣು ಕತ್ತರಿಸೋ ಜಾಗ ಬೇರೆ. ಅದಕ್ಕೇ ಮಕ್ಳು "ಬೆಣೆ" ಅಂತ ಬರ್ದು ನಾನು ಸರಿಯಾಗೇ ಬರ್ದೆ ಅಂತ ವಾದ ಮಾಡ್ತಾರೆ. ಮೊದ್ಲು ಬೆಣ್‌ ಣೆ ಅಂತ ಬಿಡಿಸಿ ಬರ್ದು ತೋರ್ಸಿ, ಆಮೇಲೆ "ಜಾಗ ಸಾಲದೆ ಒಬ್ಬ ಕೆಳಗೆ ಕೂತ" ಅಂತ ಒತ್ತು ಮಾಡಿ ತೋರ್ಸ್ರಿ. ಅರ್ಕಾವತ್ತು ಇನ್ನೂ ಕಷ್ಟ. ಅದಕ್ಕೆ ಚಿತ್ರದುರ್ಗ ಅನ್ನೋ ಹೆಸ್ರೇ ಒಳ್ಳೇ ಪಾಠ, ಅದ್ರಲ್ಲಿ ರ ಎರಡು ಸಲ ಬರುತ್ತೆ ಎರಡು ವೇಷದಲ್ಲಿ. ತ್ರ ದಲ್ಲಿ ಕೆಳಗೆ ಕೂತು ತ್ ಆದ್ಮೇಲೆ ದನಿ ಕೊಡುತ್ತೆ, ರ್ಗ ದಲ್ಲಿ ಗ ಆದ್ಮೇಲೆ ಬರೆಸ್ಕೊಂಡು ಗ ಅನ್ನೋದಕ್ಕಿಂತ ಮೊದ್ಲು ದನಿ ಕೊಡುತ್ತೆ. ಈ ಒಂದು ಹೆಸ್ರನ್ನ ದೊಡ್ಡದಾಗಿ ಬರ್ದು ಗೋಡೆಗೆ ಅಂಟ್ಸಿದೀನಿ.

ಸೊನ್ನೆನೂ ಹಂಗೇ. ಮಂಗ, ಮಂಚ, ಮಂಡಕ್ಕಿ, ಅಂದ, ಕಂಬ, ಐದರಲ್ಲೂ ಒಂದೇ ಸೊನ್ನೆ, ಆದ್ರೆ ದನಿ ಐದು ಥರ. ಮುಂದಿನ ಅಕ್ಷರ ಬಾಯಲ್ಲಿ ಎಲ್ಲಿ ಹುಟ್ಟುತ್ತೋ ಸೊನ್ನೆನೂ ಅಲ್ಲೇ ಹೋಗಿ ಕೂರುತ್ತೆ. ಕಂಬ ಅನ್ನೋವಾಗ ತುಟಿ ಮೊದ್ಲೇ ಮುಚ್ಚಿರುತ್ತೆ, ಕನ್ನಡಿಲಿ ನೋಡ್ಲಿ. ಮೂಗು ಹಿಡಿಯೋ ಆಟ ಆಡಿದ ಮಗೂಗೆ ಇದು ಬೇಗ ಹಿಡಿಸುತ್ತೆ.

ಓದೋಕೆ ಪುಸ್ತಕಾನೇ ಬೇಕಂತಿಲ್ಲ. ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋಗ್ರಿ. ಹರಿಹರ ಅನ್ನೋ ಬೋರ್ಡು ಎರಡು ಅಕ್ಷರ ಒಂದು ಗುಡಿಸು ಬಂದ್ರೆ ಓದ್ಬೋದು. ಆಮೇಲೆ ಸಿರಿಗೆರೆ, ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಹೊನ್ನಾಳಿ, ಹಂತ ಹಂತವಾಗಿ ಕಷ್ಟ ಆಗ್ತಾ ಹೋಗ್ತಾವೆ. ಮನೇಲಿ ಮೊಬೈಲ್ ಇದ್ರೆ ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕತೆ ಪುಸ್ತಕಗಳು ಪುಕ್ಕಟೆ ಸಿಗ್ತಾವೆ, ಮೊದ್ಲು ನೀವು ಓದಿ ಹೇಳ್ರಿ, ಬೆರಳು ಅಕ್ಷರದ ಕೆಳಗೆ ಓಡ್ತಾ ಇರ್ಲಿ.

ಇಂಗ್ಲಿಷಿನ ಬಗ್ಗೆ ಒಂದೇ ಮಾತು. ಅಲ್ಲಿ ಅಕ್ಷರದ ಹೆಸ್ರು ಬೇರೆ ದನಿ ಬೇರೆ, ಬಿ ಅನ್ನೋದು ಹೆಸ್ರು, ಬ್ ಅನ್ನೋದು ದನಿ. 26 ಅಕ್ಷರದಲ್ಲಿ ಸುಮಾರು 44 ದನಿ ಬರೀಬೇಕು, ಅದಕ್ಕೇ ಸ್ಪೆಲಿಂಗ್ ಅಷ್ಟು ಗೋಜಲು. ಮಗು ಸ್ಕೂಲಿಗೆ ಇಸ್ಕೂಲು ಅಂದ್ರೆ ಗಾಬರಿ ಬೇಡ, ಅಚ್ಚಗನ್ನಡ ಪದಗಳು ಎರಡು ವ್ಯಂಜನ ಕೂಡ್ಕೊಂಡು ಶುರುವಾಗಲ್ಲ, ನಾಲಿಗೆ ಮುಂದೊಂದು ಇ ಇಟ್ಕೊಂಡು ದಾರಿ ಮಾಡ್ಕೊಳ್ಳುತ್ತೆ. ಕಿವಿ ಆಟ ಕನ್ನಡದಲ್ಲಿ ಗಟ್ಟಿಯಾದ್ರೆ ಆ ಕಿವಿ ಇಂಗ್ಲಿಷಿಗೂ ಕೆಲ್ಸಕ್ಕೆ ಬರುತ್ತೆ.

ಯೋಚ್ನೆ ಮಾಡೋದನ್ನ ಇದ್ರ ಜೊತೆಗೇ ಕಲ್ಸ್ರಿ

ಓದು ಬೇರೆ ಕ್ರಿಯೇಟಿವಿಟಿ ಬೇರೆ, ಅದಕ್ಕೆ ಶನಿವಾರ ಡ್ರಾಯಿಂಗ್ ಕ್ಲಾಸ್ ಐತಲ್ಲ ಅಂತ ಕೆಲವ್ರು ಅಂತಾರೆ. ನನಗೆ ಎರಡೂ ಒಂದೇ ಬೇರಿನವು ಅನ್ಸುತ್ತೆ. ಮಂಡಕ್ಕಿಲಿ ಮಂ ತೆಗೆದು ಚಂ ಹಾಕಿದ್ರೆ ಚಂಡಕ್ಕಿ. ಅಂಥ ಪದ ಇಲ್ಲ. ಇಲ್ಲಿಗೆ ಆಟ ನಿಲ್ಲಿಸ್ಬೇಡ್ರಿ, "ಚಂಡಕ್ಕಿ ಅಂದ್ರೆ ಏನಿರ್ಬೋದು?" ಅಂತ ಕೇಳ್ರಿ. ಚೆಂಡಿನಷ್ಟು ದಪ್ಪ ಇರೋ ಮಂಡಕ್ಕಿ ಅಂದ್ಲು ಒಬ್ಳು, ಒಂದು ತಿಂದ್ರೆ ಹೊಟ್ಟೆ ತುಂಬೋದು. ಇನ್ನೊಬ್ಬ ಅದು ಸಿಟ್ಟಿನ ಹಕ್ಕಿ ಅಂದ. ದನಿ ಬದ್ಲಾಯ್ಸೋ ಆಟನೇ ಹೊಸದು ಹುಟ್ಟಿಸೋ ಆಟ ಆಯ್ತು.

ಜೆ.ಪಿ. ಗಿಲ್ಫರ್ಡ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1950ರಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆ ಬಗ್ಗೆ ನಾವು ಸರಿಯಾಗಿ ಕೆಲ್ಸಾನೇ ಮಾಡಿಲ್ಲ ಅಂತ ಎತ್ತಿ ಹೇಳ್ದ. ಒಂದೇ ಸರಿ ಉತ್ತರಕ್ಕೆ ಹೋಗೋ ಯೋಚ್ನೆ ಒಂದು, ಒಂದರಿಂದ ನಾಲ್ಕು ಕಡೆ ಹರಡೋ ಯೋಚ್ನೆ ಇನ್ನೊಂದು ಅಂತ ಅವನು ಬೇರೆ ಮಾಡ್ದ. ಒಂದು ಇಟ್ಟಿಗೆ ಕೊಟ್ಟು ಇದ್ರಿಂದ ಏನೇನು ಮಾಡ್ಬೋದು ಹೇಳು ಅನ್ನೋ ಥರದ ಪ್ರಶ್ನೆ ಎರಡ್ನೇದಕ್ಕೆ. ಟೋರನ್ಸ್ ಅನ್ನೋವ್ರು 1966ರಲ್ಲಿ ಇದನ್ನ ಅಳೆಯೋ ಪರೀಕ್ಷೆಗಳನ್ನ ಹೊರಗೆ ತಂದ್ರು, ಅದ್ರಲ್ಲಿ ನೋಡೋದು ಎಷ್ಟು ಹೊಳೀತು, ಎಷ್ಟು ಬೇರೆ ಬೇರೆ ಜಾತಿದು ಹೊಳೀತು, ಬೇರೆಯೋರಿಗೆ ಹೊಳೆಯದೇ ಇರೋದು ಬಂತಾ, ಅದನ್ನ ಎಷ್ಟು ಬೆಳೆಸಿ ಹೇಳ್ದ ಅಂತ. ನಾನು ಮಾರ್ಕ್ಸ್ ಹಾಕಲ್ಲ, ಆದ್ರೆ ಮಗು ಹೇಳೋದನ್ನ ಕೇಳೋವಾಗ ಈ ನಾಲ್ಕೂ ತಲೇಲಿರುತ್ತೆ.

ಇಟ್ಟಿಗೆ ಯಾಕೆ, ನಮಗೆ ಒನಕೆ ಐತೆ. ಭತ್ತ ಕುಟ್ಟೋ ಒನಕೆ ಹಿಡ್ಕೊಂಡು ಓಬವ್ವ ಕಿಂಡಿ ಹತ್ರ ನಿಂತು ಹೈದರಾಲಿ ಸೈನಿಕರನ್ನ ತಡೆದ ಕತೆ ನಮ್ಮ ಮಕ್ಳಿಗೆಲ್ಲ ಗೊತ್ತು. ಕೈಯಲ್ಲಿದ್ದಿದ್ದು ಅಡುಗೆಮನೆ ಸಾಮಾನು, ಅದ್ರಲ್ಲಿ ಆಯುಧ ಕಂಡಿದ್ದು ಆಕೆಗೆ. ಕತೆ ಹೇಳಿ "ಒನಕೆ ಇರ್ಲಿಲ್ಲ ಅಂದಿದ್ರೆ ಮನೇಲಿದ್ದ ಇನ್ನೇನು ತಗೋತಿದ್ಲು?" ಅಂತ ಕೇಳ್ರಿ. ಖಾರದ ಪುಡಿ, ಬಿಸಿ ನೀರು, ಬೀಸೋ ಕಲ್ಲು ಉರುಳ್ಸೋದು, ಗಂಡನ ಕಹಳೆ ಊದೋದು, ಎಲ್ಲಾ ಬಂದಾವೆ ನಮ್ಮ ಕಟ್ಟೆ ಮೇಲೆ. ಕಹಳೆ ಅಂದ ಹುಡ್ಗಿ ಒಂದೇ ಉತ್ರ ಕೊಟ್ಲು, ಆದ್ರೆ ಓಬವ್ವನ ಗಂಡ ಕಹಳೆ ಊದೋನು ಅನ್ನೋದನ್ನ ನೆನಪಿಟ್ಕೊಂಡು ಕೊಟ್ಲು, ನಾನು ಆ ದಿನ ಪೂರ್ತಿ ಅದನ್ನೇ ನೆನೆಸ್ಕೊಂಡೆ. ಉತ್ರ ಬಂದಾಗ "ಅದು ಆಗಲ್ಲ" ಅನ್ಬೇಡ್ರಿ, "ಆಮೇಲೆ?" ಅನ್ರಿ. ಸುಮ್ನೆ ಇರೋದೂ ಒಂದು ಕೆಲ್ಸ, ಪ್ರಶ್ನೆ ಕೇಳಿ ಮನಸ್ಸಲ್ಲೇ ಹತ್ತು ಎಣಿಸ್ರಿ, ಬಾಯಿ ಹಾಕ್ಬೇಡ್ರಿ.

ಇನ್ನು ಒಗಟು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ", ಮಲ್ಲಿಗೆ. ಉತ್ರ ಹೇಳ್ಸಿ ಬಿಡ್ಬೇಡ್ರಿ, ಮಗು ಕೈಲಿ ಒಗಟು ಕಟ್ಟಿಸ್ರಿ. ಒಂದು ವಸ್ತು ತಗೋ, ಹೆಸ್ರು ಹೇಳ್ಬೇಡ, ಅದು ಬೇರೆ ಯಾವ್ದ್ರ ಥರ ಐತೆ ಹೇಳು. ಅಷ್ಟೇ ನಿಯಮ.

ದಿನಕ್ಕೆ ಎಷ್ಟು ಹೊತ್ತು ಅಂತ ಕೇಳ್ತಾರೆ. ಹದಿನೈದು ಇಪ್ಪತ್ತು ನಿಮಿಷ ಸಾಕು, ಮಗು ಇನ್ನೂ ಆಡೋಣ ಅನ್ನೋವಾಗ್ಲೇ ನಿಲ್ಲಿಸ್ರಿ. ಭಾನುವಾರ ಆರು ಗಂಟೆ ಕೂರ್ಸೋದಕ್ಕಿಂತ ದಿನಾ ಸ್ವಲ್ಪ ಮೇಲು.

ಒಂದು ಎಚ್ಚರ. ಕರೆದ್ರೆ ತಿರುಗಲ್ಲ, ಟಿವಿ ಜೋರು ಮಾಡ್ತಾನೆ, ಕಿವಿ ಪದೇ ಪದೇ ಸೋರುತ್ತೆ, ಐದು ವರ್ಷ ಆದ್ರೂ ಹೊರಗಿನೋರಿಗೆ ಮಾತು ಅರ್ಥ ಆಗಲ್ಲ, ಇಂಥದ್ದು ಇದ್ರೆ ಆಟ ಆಡಿಸ್ಕೊಂಡು ಕಾಯ್ಬೇಡ್ರಿ, ಮೊದ್ಲು ಕಿವಿ ಪರೀಕ್ಷೆ ಮಾಡ್ಸ್ರಿ. ಅಂಗನವಾಡಿ, ಸರ್ಕಾರಿ ಶಾಲೆಗೆ ಮಕ್ಳನ್ನ ನೋಡೋಕೆ ಬರೋ ಡಾಕ್ಟರ್ ತಂಡದ ಹತ್ರಾನೂ ಹೇಳ್ಬೋದು. ಮೈಸೂರಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಂತಲೇ ಇರೋದು. ಎಲ್ಲಾ ಆಟ ಆಡಿಸಿದ್ರೂ ಎರಡ್ನೇ ಕ್ಲಾಸ್ ಮುಗಿಯೋವಾಗ್ಲೂ ಸರಳ ಪದಾನೇ ಓದೋಕಾಗ್ತಿಲ್ಲ ಅಂದ್ರೂ ತೋರ್ಸ್ರಿ. ಹಠ, ಸೋಮಾರಿ ಅಂತ ಹಣೆಪಟ್ಟಿ ಹಚ್ಚೋದು ಬೇಡ.

ಹೋದ ತಿಂಗ್ಳು ಭಟ್ಟಿಲಿ ಕೆಲ್ಸ ಮಾಡೋರ ಮಗ ಒಬ್ಬ, ಎರಡ್ನೇ ಕ್ಲಾಸು, ಒಗಟು ಕಟ್ಟಿದೀನಿ ಮಿಸ್ ಅಂತ ಚೀಟಿ ತಂದ. "ಬಿಸಿ ಮರಳಲಿ ಕುಣಿದು ದಪ ಆದೋರು ಯಾರು" ಅಂತ ಬರ್ದಿದ್ದ, ಹಿಂದೆ ಉತ್ರ "ಮಡಕಿ". ನಾನು ಕೆಂಪು ಪೆನ್ನು ತೆಗೀಲಿಲ್ಲ. ಉಳಿದ ಮಕ್ಳಿಗೆಲ್ಲ ಒಗಟು ಕೇಳಿ, ಯಾರೂ ಹೇಳ್ಲಿಲ್ಲ ಅಂದ್ಮೇಲೆ ಚೀಟಿ ತಿರುಗ್ಸಿ ಹೆಂಗೈತೋ ಹಂಗೇ ಓದ್ದೆ, "ಮಡಕಿ." ಅವನು ಮುಖ ಮುಂದಕ್ಕೆ ತಂದು ನನ್ನ ಬಾಯಿ ನೋಡ್ದ, ಬಾಯೊಳಗೇ ಎರಡು ಸಲ ಮಂಡ್, ಮಂಡಕ್ ಅಂದ್ಕೊಂಡ, ಮೂಗು ಹಿಡಿದು ಒಂದ್ಸಲ ಅಂದ. ಆಮೇಲೆ ಪೆನ್ಸಿಲ್ ಕಿತ್ಕೊಂಡು ಮ ಪಕ್ಕ ಸೊನ್ನೆ ಇಟ್ಟು, ಕಿ ಕೆಳಗೆ ಒತ್ತು ಕೊಟ್ಟು, ಚೀಟಿ ತಿರುಗ್ಸಿ "ದಪ"ದ ಕೆಳಗೂ ಒಂದು ಹಾಕಿ ವಾಪಸ್ ಕೊಟ್ಟ.